ಮೋಡದ ಮೇಲೆ ಬಿಸಿಲು, ಕೆಳಗೆ ಮುಸ್ಸಂಜೆ: ನಾನು ಕನ್ನಡಕ ಆರಿಸಿಕೊಂಡ ಬಗೆ

ನನಗೆ ಎರಡೂ ಕಣ್ಣಿಗೆ ಮೈನಸ್ ಪವರ್ ಇದೆ. ಖಾಸಗಿ ಪೈಲಟ್ ಲೈಸೆನ್ಸ್ ಬಂದ ಮೇಲೆ ಮೊದಲು ಮಾಡಿಸಿದ್ದೇ ಪವರ್ ಹಾಕಿದ ಕೂಲಿಂಗ್ ಗ್ಲಾಸ್. ಆದಷ್ಟು ಕಪ್ಪಗಿರಲಿ ಅಂತ ಕೇಳಿ ಮಾಡಿಸಿದ್ದೆ. ಅದು ತಪ್ಪು ಅಂತ ಒಂದು ಸಂಜೆ ಗೊತ್ತಾಯಿತು.

ಚದುರಿದ ಮೋಡಗಳ ಮೇಲೆ ಪಶ್ಚಿಮಕ್ಕೆ ಹಾರುತ್ತಿದ್ದೆ. ಸೂರ್ಯ ನೇರ ಮುಖಕ್ಕೆ. ಇಳಿಯೋಕೆ ಶುರು ಮಾಡಿ ಮೋಡಗಳ ನಡುವಿನ ಜಾಗದಿಂದ ಕೆಳಗೆ ಬಂದೆ ನೋಡಿ, ಅಲ್ಲಿ ಆಗಲೇ ಮುಸ್ಸಂಜೆ. ಇಂಧನದ ಮುಳ್ಳು ಕಾಣಲಿಲ್ಲ. ಕನ್ನಡಕ ತೆಗೆದರೆ ಪವರ್ ಇಲ್ಲ, ದೂರದ ರನ್‌ವೇ ಮಸುಕು. ಬಿಳಿ ಗಾಜಿನ ಕನ್ನಡಕ ಇತ್ತು, ಆದರೆ ಹಿಂದಿನ ಸೀಟಿನ ಚೀಲದಲ್ಲಿ. ಪವರ್ ಬೇಕಾದ ಪೈಲಟ್ ಇನ್ನೊಂದು ಜೊತೆಯನ್ನು ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು ಅನ್ನುವುದು ಅಂತರರಾಷ್ಟ್ರೀಯ ನಿಯಮ. ಯಾಕೆ ಹಾಗೆ ಬರೆದಿದ್ದಾರೆ ಅಂತ ಆವತ್ತು ಅರ್ಥವಾಯಿತು. ಇಳಿಯುವುದನ್ನು ನಿಲ್ಲಿಸಿ, ದೂರದಲ್ಲೇ ಒಂದು ಸುತ್ತು ಹೊಡೆದು, ಚೀಲ ಎಳೆದು ಕನ್ನಡಕ ಬದಲಿಸಿ ಆಮೇಲೆ ಇಳಿದೆ.

ಎರಡು ಜೊತೆಯ ರಗಳೆಯೇ ಬೇಡ ಅಂತ ಮುಂದೆ ಫೋಟೋಕ್ರೋಮಿಕ್ ಮಾಡಿಸಿದೆ. ಬಿಸಿಲಿಗೆ ಕಪ್ಪಾಗಿ ನೆರಳಿಗೆ ತಿಳಿಯಾಗುತ್ತದಲ್ಲ, ಅದು. ಆದರೆ ಅದು ಕಪ್ಪಾಗುವುದು ಬೆಳಕಿಗಲ್ಲ, ಮುಖ್ಯವಾಗಿ ಅಲ್ಟ್ರಾವಯೊಲೆಟ್ ಕಿರಣಕ್ಕೆ. ವಿಮಾನದ ವಿಂಡ್‌ಶೀಲ್ಡ್ ಆ ಕಿರಣವನ್ನು ಸಾಕಷ್ಟು ತಡೆದುಬಿಡುತ್ತದೆ. ಹಾಗಾಗಿ ನೆಲದ ಮೇಲೆ ವಿಮಾನದ ಸುತ್ತ ಓಡಾಡಿ ಪರೀಕ್ಷೆ ಮಾಡುವಾಗ ಚೆನ್ನಾಗಿ ಕಪ್ಪಾಗಿರುತ್ತದೆ. ಒಳಗೆ ಕೂತ ಮೇಲೆ ಮೆಲ್ಲಗೆ ತಿಳಿಯಾಗಿ, ಮೇಲೆ ಬಿಸಿಲು ಜಾಸ್ತಿ ಆದಾಗಲೂ ಅರೆಬರೆಯಾಗೇ ಉಳಿಯುತ್ತದೆ. ಚಳಿ ಇದ್ದರೆ ಇನ್ನೊಂದು ತೊಂದರೆ: ಕಪ್ಪಾದದ್ದು ತಿಳಿಯಾಗಲು ಇನ್ನೂ ಹೆಚ್ಚು ಹೊತ್ತು ಬೇಕು. ನಿಮಿಷಗಳ ಲೆಕ್ಕ ಅದು. ಮೋಡದ ಕೆಳಗೆ ಇಳಿಯಲು ಅಷ್ಟು ಹೊತ್ತು ಬೇಡ.

ಆಮೇಲೆ ಒಬ್ಬರು ಪೋಲರೈಸ್ಡ್ ಹಾಕಿಕೋ ಅಂದರು. ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಒಳಗೆ ಬಿಟ್ಟು, ಪ್ರತಿಫಲಿಸಿದ ಹೊಳಪನ್ನು ತಗ್ಗಿಸುವ ಗಾಜು ಅದು. ಕಾರಿನಲ್ಲಿ, ನೀರಿನ ಹತ್ತಿರ ಅದು ನಿಜಕ್ಕೂ ಚೆನ್ನ. ಕಾಕ್‌ಪಿಟ್‌ನಲ್ಲಿ ಮಾತ್ರ ಬೇಡವೇ ಬೇಡ ಅನ್ನುತ್ತೇನೆ. ಡಿಸ್‌ಪ್ಲೇಗಳಿಂದ ಬರುವ ಬೆಳಕೂ ಪೋಲರೈಸ್ ಆಗಿರುತ್ತದೆ. ನಾನು ತಲೆಯನ್ನು ಸ್ವಲ್ಪ ವಾಲಿಸಿದರೆ ಜಿಪಿಎಸ್ ಪರದೆ ಮಂಕಾಗುತ್ತಿತ್ತು, ಇನ್ನೂ ವಾಲಿಸಿದರೆ ಪೂರ್ತಿ ಕಪ್ಪು. ಕೊಳ್ಳುವ ಮೊದಲು ನೀವೇ ನೋಡಬಹುದು: ಫೋನ್ ಪರದೆ ಎದುರು ಕನ್ನಡಕ ಹಿಡಿದು ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅದು ಪೋಲರೈಸ್ಡ್. ಅಕ್ರಿಲಿಕ್ ವಿಂಡ್‌ಶೀಲ್ಡ್ ಒಳಗಿನ ಬಿಗಿತಗಳೂ ಕಾಮನಬಿಲ್ಲಿನ ಕಲೆಗಳಾಗಿ ಕಾಣುತ್ತಿದ್ದವು.

ಇವೆರಡನ್ನಾದರೂ ಸಹಿಸಿಕೊಳ್ಳಬಹುದೇನೋ. ನನ್ನನ್ನು ಹೆದರಿಸಿದ್ದು ಮೂರನೆಯದು. ದೂರದ ವಿಮಾನ ಎಷ್ಟೋ ಸಲ ಮೊದಲು ಕಾಣುವುದು ಅದರ ರೆಕ್ಕೆ ಅಥವಾ ಗಾಜಿನ ಮೇಲೆ ಬಿಸಿಲು ಮಿಂಚಿದಾಗ. ಪೋಲರೈಸ್ಡ್ ಗಾಜು ಆ ಮಿಂಚನ್ನೇ ನುಂಗಿಬಿಡಬಹುದು. ಕಣ್ಣಿಗೆ ಹಿತ ಅಂತ ಹಾಕಿಕೊಂಡದ್ದು ಎದುರು ಬರುವ ವಿಮಾನವನ್ನೇ ಮರೆಮಾಡಿದರೆ ಗತಿ ಏನು?

ಈಗ ನನ್ನ ಹತ್ತಿರ ಇರುವುದು ಬೂದು ಬಣ್ಣದ, ಪೋಲರೈಸ್ ಅಲ್ಲದ ಗ್ರೇಡಿಯಂಟ್ ಗಾಜು. ಮೇಲ್ಭಾಗ ಶೇಕಡ 15ರಷ್ಟು ಬೆಳಕು ಬಿಡುತ್ತದೆ, ಕೆಳಗೆ ಬರುತ್ತಾ ತಿಳಿ. ಹೊರಗೆ ನೋಡುವಾಗ ಕಪ್ಪು ಭಾಗ, ಪ್ಯಾನೆಲ್ ನೋಡುವಾಗ ತಿಳಿ ಭಾಗ. ಇದಕ್ಕಿಂತ ಕಪ್ಪು ಬೇಡ. ಶೇಕಡ 8ಕ್ಕಿಂತ ಕಡಿಮೆ ಬೆಳಕು ಬಿಡುವ ಗಾಜನ್ನು ರಸ್ತೆಯಲ್ಲಿ ವಾಹನ ಓಡಿಸಲೂ ಬಳಸಬಾರದು ಅಂತ ಹೇಳುತ್ತಾರೆ. ಬೂದು ಯಾಕೆ ಅಂದರೆ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಹಳದಿ ಗಾಜು ಮಬ್ಬಿನ ದಿನ ಎಲ್ಲವನ್ನೂ ಚುರುಕಾಗಿ ತೋರಿಸುತ್ತದೆ, ನಿಜ. ಆದರೆ ಬಣ್ಣ ಕೆಡಿಸುತ್ತದೆ. ಸರಿಯಾದ ಎತ್ತರದಲ್ಲಿ ಇಳಿಯುತ್ತಿದ್ದೇವೆಯೇ ಅಂತ ತೋರಿಸುವ ರನ್‌ವೇ ಪಕ್ಕದ ನಾಲ್ಕು ಪಾಪಿ (PAPI) ದೀಪಗಳಲ್ಲಿ ಎಷ್ಟು ಬಿಳಿ, ಎಷ್ಟು ಕೆಂಪು ಅಂತ ನೋಡಿ ಇಳಿಯುವವರಿಗೆ ಬಣ್ಣದ ಮೇಲೆ ಅನುಮಾನ ಬರಬಾರದು.

ಯುವಿ 400, ಅಂದರೆ ಅಲ್ಟ್ರಾವಯೊಲೆಟ್ ಕಿರಣವನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ ಅಂತ ಬರೆದಿರುವುದನ್ನೇ ಕೊಳ್ಳಿ. ಪ್ರತಿ 1000 ಮೀಟರ್ ಏರಿದಂತೆ ಆ ಕಿರಣ ಸುಮಾರು ಶೇಕಡ 10ರಷ್ಟು ಹೆಚ್ಚುತ್ತದೆ.

ಇನ್ನು ಕನ್ನಡಕದ ಕಡ್ಡಿ. ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ನನಗೆ ಗಾಜಿನಷ್ಟೇ ಮುಖ್ಯ. ದಪ್ಪ ಕಡ್ಡಿ ಇದ್ದರೆ ಹೆಡ್‌ಸೆಟ್‌ನ ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂರುವುದಿಲ್ಲ. ಆ ಸಂದಿಯಿಂದ ಎಂಜಿನ್ ಸದ್ದು ನುಗ್ಗುತ್ತದೆ, ಗಂಟೆ ಕಳೆಯುವಷ್ಟರಲ್ಲಿ ಕಿವಿಯ ಮೇಲೆ ನೋವು. ನನ್ನದು ಈಗ ತೆಳು ಲೋಹದ ನೇರ ಕಡ್ಡಿ. ಕಿವಿ ಹಿಂದೆ ಬಾಗಿ ಸಿಕ್ಕಿಕೊಳ್ಳುವುದಿಲ್ಲ. ಹೆಡ್‌ಸೆಟ್ ತೆಗೆಯದೆ ಒಂದೇ ಕೈಯಲ್ಲಿ ಮುಂದಕ್ಕೆ ಎಳೆದರೆ ಬಂತು, ಹಾಗೇ ತಳ್ಳಿದರೆ ಕೂತಿತು. ಇನ್ನೊಂದು ಕೈ ಕಂಟ್ರೋಲ್ ಬಿಡಬೇಕಾಗಿಲ್ಲ. ಬಿಳಿ ಗಾಜಿನ ಜೊತೆಗೂ ಇದೇ ಥರದ ಕಡ್ಡಿ ಹಾಕಿಸಿದ್ದೇನೆ.

ಆ ಬಿಳಿ ಜೊತೆ ಈಗ ಅಂಗಿಯ ಜೇಬಿನಲ್ಲಿ, ಗಟ್ಟಿ ಡಬ್ಬಿಯೊಳಗೆ. ಇಳಿಯುವ ಮುಂಚಿನ ಚೆಕ್‌ಲಿಸ್ಟ್‌ನಲ್ಲಿ 'ಕನ್ನಡಕ' ಅಂತ ಪೆನ್ನಿನಲ್ಲಿ ಸೇರಿಸಿದ್ದೇನೆ. ಅಲ್ಲಿಗೆ ಬಂದಾಗ ಡಬ್ಬಿ ತೆರೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ, ಆದರೆ ಬದಲಿಸುವುದಿಲ್ಲ. ಬಿಸಿಲಿನಲ್ಲಿರುವ ತನಕ ಕಪ್ಪು ಗಾಜು ಇರಲೇಬೇಕು. ಅದರ ಹಿಂದಿನ ಕಣ್ಣು ಕಡಿಮೆ ಬೆಳಕಿಗೆ ಒಂದಿಷ್ಟು ಒಗ್ಗಿರುತ್ತದೆ. ಬೇಗ ತೆಗೆದರೆ ಆ ಲಾಭ ಹೋಯಿತು. ನೆರಳು ಬಿದ್ದ ಕೂಡಲೇ ಬದಲಿಸುತ್ತೇನೆ, ಸರ್ಕ್ಯೂಟ್, ಅಂದರೆ ಇಳಿಯಲು ರನ್‌ವೇ ಸುತ್ತ ಹಾರುವ ನಿಗದಿತ ದಾರಿ, ಸೇರುವ ಮೊದಲೇ. ರಾತ್ರಿ ಹಾರಾಟ ಇದ್ದ ದಿನ ಹಗಲೆಲ್ಲ ಹೊರಗೆ ಕೂಲಿಂಗ್ ಗ್ಲಾಸ್ ಹಾಕಿಯೇ ಓಡಾಡುತ್ತೇನೆ. ಕತ್ತಲಿಗೆ ಕಣ್ಣು ಪೂರ್ತಿ ಒಗ್ಗಲು ಅರ್ಧ ಗಂಟೆ ಬೇಕು, ದಿನವಿಡೀ ಪ್ರಖರ ಬಿಸಿಲು ನೋಡಿದ ಕಣ್ಣಿಗೆ ಇನ್ನೂ ಜಾಸ್ತಿ.

ಹಾಂ, ವಿಂಡ್‌ಶೀಲ್ಡ್ ಒರೆಸಿ. ಸೂರ್ಯ ಕೆಳಗಿದ್ದಾಗ ಗಾಜಿನ ಮೇಲಿನ ಧೂಳು, ಸತ್ತ ಹುಳ, ಸಣ್ಣ ಗೀರು ಎಲ್ಲ ಬೆಳಗಿ ಮುಂದೆ ಬಿಳಿ ಪರದೆ ಎಳೆದ ಹಾಗಾಗುತ್ತದೆ. ಅದಕ್ಕೆ ಯಾವ ಕನ್ನಡಕವೂ ಪರಿಹಾರವಲ್ಲ. ಸಂಜೆ ಹೊರಡುವ ದಿನ ನಾನು ಮೊದಲು ಕೈಗೆತ್ತಿಕೊಳ್ಳುವುದು ಮೆತ್ತನೆಯ ಬಟ್ಟೆ ಮತ್ತು ನೀರು.