ಮಡಿ ಮನೆ ಹುಡುಗಿಯ ಕತೆ ಬರೆದಿದ್ದು ಹೀಗೆ

ತೀರ್ಥಹಳ್ಳಿ ಕಡೆಯ ಒಂದು ಒಂಟಿಮನೆ, ಅಡಿಕೆ ತೋಟ, ಮಡಿ ಬಿಡದ ಅಜ್ಜಿ, ಅಜ್ಜಿ ಮಾತು ಮೀರದ ಅಪ್ಪಯ್ಯ, ಹತ್ತನೇ ಕ್ಲಾಸಲ್ಲಿ ಓದೋ ಮಗಳು. ಇಷ್ಟಿಟ್ಕೊಂಡು ಹೈಸ್ಕೂಲ್ ಮಕ್ಕಳು ಓದೋ ಹಂಗೆ ಒಂದು ಕಾದಂಬರಿ ಬರೀಬೇಕು ಅಂತ ಕೂತಾಗ, ಕತೆ ಆಮೇಲೆ ನೋಡೋಣ ಅಂತ ಮೊದಲು ಆ ಮನೆಯ ಟೈಮ್‌ಟೇಬಲ್ ಬರ್ಕೊಂಡೆ. ಬೆಳಗ್ಗೆ ಬಚ್ಚಲೊಲೆಗೆ ಬೆಂಕಿ ಹಾಕೋರು ಯಾರು, ಮೊದಲು ಸ್ನಾನ ಯಾರದ್ದು, ಅಜ್ಜಿ ಮಡಿ ಉಟ್ಟ ಮೇಲೆ ಅವರನ್ನ ಮುಟ್ಟದೆ ಈ ಹುಡುಗಿ ಅಡುಗೆಮನೆಯಿಂದ ತಿಂಡಿ ಡಬ್ಬಿ ತಗೊಳ್ಳೋದು ಹೆಂಗೆ, ಸಂಜೆ ಸ್ಕೂಲಿಂದ ಬಂದ್ರೆ ಯೂನಿಫಾರ್ಮ್ ಬಿಚ್ಚಿ ಕೈಕಾಲು ತೊಳೀದೆ ನಡುಮನೆ ದಾಟೋ ಹಂಗಿಲ್ಲ, ದೀಪ ಹಚ್ಚಿದ ಮೇಲೆ ಸ್ತೋತ್ರ ಮುಗಿಯೋ ತನಕ ಪುಸ್ತಕ ಮುಟ್ಟೋ ಹಂಗಿಲ್ಲ, ಹೀಗೆ.

ಇದು ಬರ್ಕೊಂಡ್ರೆ ಅರ್ಧ ಕತೆ ತಾನೇ ಬರುತ್ತೆ. ಮಳೆಗಾಲನೇ ತಗೊಳ್ಳಿ, ಆಗುಂಬೆ ಕಡೆ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಸುರಿಯೋ ಜಾಗ, ಜೂನಿಂದ ಆಗಸ್ಟ್ ತನಕ ಬಟ್ಟೆ ಒಣಗಲ್ಲ, ಅಂಥಾದ್ರಲ್ಲಿ ಯಾರೂ ಮುಟ್ಟದ ಹಾಗೆ ಒಣಗಿಸಿದ ಮಡಿಸೀರೆ ದಿನಾ ಎಲ್ಲಿಂದ ಬರಬೇಕು? ಮೊಮ್ಮಗಳು ಓಡಾಡುವಾಗ ಗಳದ ಮೇಲಿನ ಸೀರೆಗೆ ತಲೆ ತಾಗಿದ್ರೆ ಇಡೀ ಮನೆಗೆ ಅವತ್ತು ಊಟ ಲೇಟು. ಜಗಳ ಹುಟ್ಟೋಕೆ ಬೇರೆ ಕಾರಣ ಹುಡುಕಬೇಕಾಗೇ ಇಲ್ಲ.

ನಮ್ಮ ಸೀಮೆಯ ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಬಂದಿದ್ದು 1976ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 1965ರದ್ದು, ಮತ್ತೆ ನೀನೆಂತ ಬರೀತೀಯ ಅಂತ ಕೇಳಿದೋರು ಇದಾರೆ. ಅವು ದೊಡ್ಡ ಪುಸ್ತಕಗಳು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಫಣಿಯಮ್ಮನಂಥ ತಲೆ ಬೋಳಿಸ್ಕೊಂಡ ಬಾಲವಿಧವೆ ಕತೆ ಇವತ್ತಿನ ಹತ್ತನೇ ಕ್ಲಾಸಿನ ಹುಡುಗಿಗೆ ಅಜ್ಜಿಯ ಅಜ್ಜಿ ಕಾಲದ್ದು, ಅವಳು ಓದಿ ಅತ್ತು ಪುಸ್ತಕ ಮುಚ್ಚಿಟ್ಟು ಸದ್ಯ ನಂಗೆ ಹಂಗಿಲ್ಲ ಅಂದ್ಕೊಳ್ತಾಳೆ. ಇವತ್ತಿನ ಕಟ್ಟುನಿಟ್ಟು ಬೇರೆ ಥರ. ಸೈಕಲ್ ಕೊಡಿಸ್ತಾರೆ, ಟ್ಯೂಷನ್‌ಗೆ ಕಳಿಸ್ತಾರೆ, 95 ಪರ್ಸೆಂಟ್ ಬರ್ಲಿ ಅಂತ ಹರಕೆ ಹೊತ್ಕೊಳ್ತಾರೆ, ಆದ್ರೆ ಫ್ರೆಂಡ್ ಮನೇಲಿ ಒಂದು ಲೋಟ ನೀರು ಕುಡಿದ್ಯಾ ಅಂತ ಕೇಳ್ತಾರೆ. ಶಾಲೇಲಿ 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡ್ತಾರಲ್ಲ, ಬೇಡ ಅನ್ನೋರಿಗೆ ಬಾಳೆಹಣ್ಣು. ನನ್ನ ಹುಡುಗಿ ಬಾಳೆಹಣ್ಣಿನ ಸಾಲಲ್ಲಿ ನಿಲ್ತಾಳೆ. ಮೊಟ್ಟೆ ತಿನ್ನೋ ಆಸೆ ಅವಳಿಗೇನಿಲ್ಲ, ವಾಸನೆನೇ ಆಗಲ್ಲ, ಆದ್ರೆ ಜೀವದ ಗೆಳತಿ ಆ ಸಾಲಲ್ಲಿ, ತಾನು ಈ ಸಾಲಲ್ಲಿ, ಇದು ಯಾಕೆ ಅಂತ ಅವಳಿಗೆ ಮೊದಲ ಸಲ ಅನ್ಸೋದು ಅಲ್ಲೇ.

ಅಪ್ಪಯ್ಯನ ಪಾತ್ರಕ್ಕೆ ನಾನು ಕೊಟ್ಟಷ್ಟು ಟೈಮು ಬೇರೆ ಯಾರಿಗೂ ಕೊಟ್ಟಿಲ್ಲ. ಅವನನ್ನ ಕೆಟ್ಟವನು ಮಾಡಿದ್ರೆ ಬರೆಯೋದು ಸುಲಭ, ಓದೋ ಮಕ್ಕಳಿಗೂ ಸಿಟ್ಟು ಮಾಡ್ಕೊಳ್ಳೋಕೆ ಸುಲಭ, ಆದ್ರೆ ಅಂಥ ಮನೇಲಿ ಬೆಳೆದೋರಿಗೆ ಗೊತ್ತು, ಕಷ್ಟ ಇರೋದೇ ಬೇಡ ಅನ್ನೋ ಬಾಯಿ ಮತ್ತು ಜ್ವರ ಬಂದಾಗ ರಾತ್ರಿಯೆಲ್ಲಾ ಹಣೆಗೆ ಒದ್ದೆಬಟ್ಟೆ ಹಾಕೋ ಕೈ ಒಬ್ಬರದ್ದೇ ಆಗಿರೋದ್ರಲ್ಲಿ. ಅದಕ್ಕೆ ಬೋರ್ಡೋ ಮದ್ದು ಕಲಸೋ ಒಂದು ಅಧ್ಯಾಯ ಇಟ್ಟೆ. ಮಳೆ ಹಿಡಿಯೋ ಮುಂಚೆ ಅಡಿಕೆಯ ಕೊಳೆರೋಗಕ್ಕೆ ಅಂತ ಹೊಡೀತಾರಲ್ಲ, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಹದ ಸರಿ ಇದ್ಯಾ ನೋಡೋಕೆ ಕಬ್ಬಿಣದ ಚಾಕು ಅದ್ದಬೇಕು, ಅಲಗಿಗೆ ಕೆಂಪು ಹತ್ತಿದ್ರೆ ಇನ್ನೂ ಸುಣ್ಣ ಬೇಕು. ಆ ಚಾಕು ನೋಡೋ ಕೆಲಸ ಅಪ್ಪಯ್ಯ ಮಗಳಿಗೇ ಕೊಟ್ಟಿರ್ತಾನೆ, ಮರ ಹತ್ತೋ ಕೊನೆಗಾರರ ಎದುರಿಗೇ "ನಮ್ಮ ಹುಡುಗಿ ಕಣ್ಣು ತಪ್ಪಲ್ಲ" ಅಂತಾನೆ. ಇಡೀ ತೋಟದ ಫಸಲು ಅವಳ ಕಣ್ಣಿನ ಮೇಲೆ ಬಿಡ್ತಾನೆ. ಅದೇ ವಾರ ಹೆಗ್ಗೋಡಲ್ಲಿ ನಾಟಕ ಕ್ಯಾಂಪಿಗೆ ಹೋಗ್ತೀನಿ, ಮೂರು ರಾತ್ರಿ ಅಲ್ಲೇ ಉಳ್ಕೋಬೇಕು ಅಂತ ಅವಳು ಕೇಳಿದ್ರೆ ತಲೆ ಎತ್ತದೇ ಬೇಡ ಅಂತಾನೆ. ದೊಡ್ಡ ಮಗ ಬೆಂಗಳೂರು ಸೇರಿ ಜನಿವಾರ ತೆಗೆದಿಟ್ಟ ಸುದ್ದಿ ಮನೆಗೆ ಬಂದಿದೆ, ಅಕ್ಕಪಕ್ಕದ ಮನೆಗಳಲ್ಲೆಲ್ಲಾ ಮುದುಕ ಮುದುಕಿಯರೇ ಉಳಿದಿದಾರೆ, ಉಳಿದಿರೋ ಒಂದು ಕೂಸನ್ನಾದ್ರೂ ಹಿಡ್ಕೊಳ್ಳಬೇಕು ಅನ್ನೋ ಹೆದರಿಕೆ ಅವನದ್ದು. ಈ ಹೆದರಿಕೆ ಬಗ್ಗೆ ಅಪ್ಪಯ್ಯ ಎಲ್ಲೂ ಬಾಯಿಬಿಟ್ಟು ಹೇಳಲ್ಲ, ಹೇಳ್ಸಬಾರ್ದು ಅಂತ ನಾನೇ ಹಠ ಹಿಡಿದೆ. ಅಂಥ ಮನೆಗಳಲ್ಲಿ ಯಾರೂ ಯಾವ್ದನ್ನೂ ವಿವರಿಸಲ್ಲ.

ದೇವರ ವಿಷಯ. ನನ್ನ ಹುಡುಗಿಗೆ ದೇವರು ಇಷ್ಟ. ದುರ್ಗಾ ನಮಸ್ಕಾರದ ರಾತ್ರಿ ದೀಪ ಸುತ್ತುವಾಗ ಅವಳಿಗೆ ಮೈ ಜುಂ ಅನ್ನತ್ತೆ, ಶೃಂಗೇರಿಗೆ ಹೋದ್ರೆ ತುಂಗೆಯ ಮೀನಿಗೆ ಮಂಡಕ್ಕಿ ಹಾಕ್ಕೊಂಡು ಕೂತುಬಿಡ್ತಾಳೆ, ಶಾರದೆ ಹತ್ರ ಮನಸಲ್ಲೇ ಮಾತಾಡ್ತಾಳೆ. ಅವಳನ್ನ ನಾಸ್ತಿಕಳು ಮಾಡಿದ್ರೆ ಪುಸ್ತಕ ಹತ್ತು ಪೇಜಿಗೆ ಮುಗೀತಿತ್ತು. ನಂಬಿಕೆ ನಿಜ ಇರೋ ಹುಡುಗಿಗೇ ತಾನೇ ಮುಟ್ಟಾದ ದಿನ ಆ ದೇವರ ಕೋಣೆ ಕಡೆ ನೋಡಬೇಡ ಅಂದ್ರೆ ನೋವಾಗೋದು.

ಮುಟ್ಟಿನ ಅಧ್ಯಾಯ ಬರೆಯೋವಾಗ ತುಂಬಾ ಯೋಚನೆ ಮಾಡಿದೀನಿ. ಮೂರು ದಿನ ಹೊರಗೆ, ಜಗಲಿ ಮೂಲೇಲಿ ಬೇರೆ ಚಾಪೆ, ಬೇರೆ ತಟ್ಟೆ, ನಾಲ್ಕನೇ ದಿನ ತಲೆಸ್ನಾನ. ಇದನ್ನ ಬರೀ ಕತ್ತಲೆಯಾಗಿ ಬರೆದ್ರೆ ಸುಳ್ಳಾಗತ್ತೆ, ಯಾಕಂದ್ರೆ ಆ ಮೂರು ದಿನ ಹೂ ಕೊಯ್ಯೋದಿಲ್ಲ, ಪೂಜೆ ಪಾತ್ರೆ ತೊಳೆಯೋದಿಲ್ಲ, ಕೂತು ಎಷ್ಟು ಬೇಕಾದ್ರೂ ಕತೆಪುಸ್ತಕ ಓದಬಹುದು, ನಾನು ಓದೋ ಹುಚ್ಚು ಹಿಡಿಸ್ಕೊಂಡಿದ್ದೇ ಹಂಗೆ ಕೂತು. ಅದೇ ಹೊತ್ತಿಗೆ ಅಡಿಕೆ ಲೆಕ್ಕ ಕೇಳೋಕೆ ಬಂದ ಗಂಡಸು ಜಗಲಿ ಹತ್ತುವಾಗ ಈ ಮೂಲೆ ನೋಡಿ ಕಣ್ಣು ತಿರುಗಿಸ್ತಾನಲ್ಲ, ಊರಿಗೆಲ್ಲಾ ನನ್ನ ಮೈ ಸುದ್ದಿ ಗೊತ್ತಾಯ್ತಲ್ಲ ಅಂತ ಆಗೋ ಆ ಸಂಕಟ, ಅದೂ ಅಷ್ಟೇ ನಿಜ. ಓದೋ ಸುಖ ಮತ್ತು ಈ ಸಂಕಟ ಒಂದೇ ಪ್ಯಾರಾದಲ್ಲಿ ಬರೋ ಹಂಗೆ ಇಟ್ಟೆ, ಯಾವ್ದು ಹೆಚ್ಚು ಅಂತ ನಾನು ಹೇಳ್ಲಿಲ್ಲ.

ಇನ್ನೊಂದು ಮಾತು ಬಿಡೋಕಾಗಲ್ಲ. ಮಡಿ ಬಗ್ಗೆ ಬರೆದು ಜಾತಿ ಬಗ್ಗೆ ಬರೀದೆ ಇದ್ರೆ ಅದು ಅರ್ಧ ಸತ್ಯ. ಗೆಳತಿಯ ಅಮ್ಮ ಇವರ ತೋಟಕ್ಕೆ ಕೆಲಸಕ್ಕೆ ಬರ್ತಾಳೆ, ಅವಳಿಗೆ ಕಾಫಿ ಕೊಡೋದು ಅಂಗಳದಲ್ಲಿ, ಅವಳ ಲೋಟ ಗೋಡೆ ಸಂದಿಯಲ್ಲಿ ಬೇರೆ ಇರತ್ತೆ. ನನ್ನ ಹುಡುಗಿಗೆ ಮನೆ ನಿಯಮದಿಂದ ದುಃಖ ಆಗತ್ತೆ, ಆ ಗೆಳತಿಗೆ ಅವಮಾನ ಆಗತ್ತೆ, ಎರಡನ್ನೂ ಒಂದೇ ತಕ್ಕಡೀಲಿ ತೂಗಬಾರ್ದು. ಅದಕ್ಕೆ ಎರಡು ಅಧ್ಯಾಯ ಗೆಳತಿಯ ಬಾಯಲ್ಲೇ ಬರೆದೆ. ಅವಳು ಇವಳನ್ನ ಸುಲಭಕ್ಕೆ ಕ್ಷಮಿಸಲ್ಲ.

ಬರೆದಷ್ಟನ್ನ ಶಿವಮೊಗ್ಗದಲ್ಲಿ ಒಂದಿಷ್ಟು ಹೈಸ್ಕೂಲ್ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳ್ತಿದ್ದೆ, ಇದನ್ನ ಎಲ್ರೂ ಮಾಡಿ ಅಂತೀನಿ, ಯಾಕಂದ್ರೆ ಮಕ್ಕಳಿಗೆ ಬೋರಾದ್ರೆ ಮುಖದಲ್ಲೇ ಗೊತ್ತಾಗತ್ತೆ. ಸ್ಕೂಲ್ ಮುಗಿಸಿ ಮದರಸಾಕ್ಕೆ ಹೋಗೋ ಒಬ್ಬಳು ಹುಡುಗಿ, ಸಂಜೆ ಸ್ತೋತ್ರ ಮುಗಿಯೋ ತನಕ ಗಣಿತದ ಹೋಂವರ್ಕ್ ನೆನಪಾಗೋ ಸಾಲಿಗೆ ಎಲ್ರಿಗಿಂತ ಮುಂಚೆ ನಕ್ಕಳು. ಎಲ್ರೂ ಕೇಳಿದ್ದು ಮೊಬೈಲ್ ಬಗ್ಗೆ, "ಅವಳ ಅಪ್ಪ ಫೋನ್ ಚೆಕ್ ಮಾಡಲ್ವಾ ಮಿಸ್?" ಅಂತ. ಆ ಪ್ರಶ್ನೆಯಿಂದಲೇ ಒಂದು ದೃಶ್ಯ ಹುಟ್ಟಿತು.

ಕೊನೇಲಿ ಅವಳು ಮನೆ ಬಿಟ್ಟು ಓಡಿ ಹೋಗ್ಲಿ ಅಂತ ಸುಮಾರು ಮಕ್ಕಳು ಹೇಳಿದ್ರು. ನಾನು ಒಪ್ಪಲಿಲ್ಲ. ಹದಿನೈದು ವರ್ಷದೋಳು ಸಂಜೆ ಕೊನೇ ಬಸ್ ಹತ್ತಿ ಎಲ್ಲಿಗೆ ಹೋಗ್ತಾಳೆ, ಪುಸ್ತಕ ಓದಿ ಯಾರಾದ್ರೂ ಹಂಗೆ ಮಾಡಿದ್ರೆ? ನನ್ನ ಹುಡುಗಿ ಗೆಳತಿ ಮನೇಲಿ ಊಟ ಮಾಡಿ ಬಂದು, ಅಪ್ಪಯ್ಯ ಕೇಳೋ ಮುಂಚೆ ತಾನೇ ಹೇಳ್ತಾಳೆ. ಅಪ್ಪಯ್ಯ ಬದಲಾಗಲ್ಲ. ಆದ್ರೆ ಅವಳು ಆ ಮನೇಲಿ ಸುಳ್ಳು ಹೇಳ್ಕೊಂಡು ಬದುಕೋದು ನಿಲ್ಲಿಸ್ತಾಳೆ, ಅಷ್ಟು ಸಾಕು ಅನ್ನಿಸ್ತು ನಂಗೆ.

ಅಚ್ಚಿಗೆ ಕೊಡೋ ಮುಂಚೆ ಅಮ್ಮನಿಗೆ ಓದೋಕೆ ಕೊಟ್ಟೆ. ಮಡಿಸೀರೆ ಒಣಗದಿದ್ರೆ ರೇಷ್ಮೆ ಪಟ್ಟೆ ಉಡ್ತಿದ್ವಿ ಕಣೆ, ಅದನ್ನ ಸೇರಿಸು ಅಂದ್ರು, ಸೇರಿಸಿದೆ. ಮುಟ್ಟಿನ ಅಧ್ಯಾಯ ಓದಿ ಏನೂ ಹೇಳ್ಲಿಲ್ಲ. ಗೋಡೆ ಸಂದಿಯ ಲೋಟದ ಭಾಗ ಮಾತ್ರ ತೆಗಿ, ನೆಂಟರು ಏನಂತಾರೆ ಅಂದ್ರು. ಅದೊಂದು ತೆಗಿಯಲ್ಲಮ್ಮ ಅಂದೆ. ಸ್ವಲ್ಪ ದಿನ ನನ್ನ ಹತ್ರ ಸರಿ ಮಾತಾಡ್ಲಿಲ್ಲ. ಆ ಭಾಗ ಹಂಗೇ ಅಚ್ಚಾಗಿದೆ.