ನಮ್ಮೂರ ಕೆರೆ ಮಣ್ಣಲ್ಲೇ 12 ಇಂಚಿನ ಕುಂಡ

ಹೋದ ತಿಂಗಳು ಆವಿಗೆಯಿಂದ, ಅಂದರೆ ಕುಂಡ ಸುಡುವ ಗೂಡಿನಿಂದ, 110 ಹೂಕುಂಡ ಇಳಿಸಿದೆ. ಎಲ್ಲವೂ 12 ಇಂಚಿನವು, ಎಲ್ಲವೂ ತಿಗರಿ (ಕುಂಬಾರರ ಚಕ್ರ) ಮೇಲೆ ಕೈಯಲ್ಲೇ ಎತ್ತಿದವು. ಒಡೆದದ್ದು ಐದೋ ಆರೋ ಅಷ್ಟೇ. ಇಷ್ಟಕ್ಕೆ ಮೂರು ವರ್ಷ ಹಿಡಿಯಿತು. ಹೆಚ್ಚುಕಮ್ಮಿ 70 ಸಾವಿರ ರೂಪಾಯಿ ಮಣ್ಣುಪಾಲಾಯಿತು.

ನಮ್ಮ ಕೇರಿಯಲ್ಲಿ ಯಾರೂ ಇದನ್ನು ನಂಬಿರಲಿಲ್ಲ. "ಕೆರೆ ಮಣ್ಣು ಹಣತೆಗೆ, ಸಣ್ಣ ಕುಡಿಕೆಗೆ ಸರಿ. ಅಷ್ಟು ದೊಡ್ಡ ಕುಂಡ ತಡೆಯಲ್ಲ ಮಗಾ, ಅಚ್ಚಿನ ಮಿಷನ್ನು ತಗೊಂಡುಬಿಡು" ಅಂತ ಚಿಕ್ಕಪ್ಪ ಎಷ್ಟು ಸಲ ಹೇಳಿದರೋ. ಅವರು ಐವತ್ತು ವರ್ಷ ಮಣ್ಣು ತುಳಿದವರು, ಸುಮ್ನೆ ಹೇಳುವವರಲ್ಲ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ.

ಮೊದಲ ಪೆಟ್ಟು ತಳದಲ್ಲಿ ಬಿತ್ತು. ಒಣಗುವಾಗಲೇ ತಳದ ನಡುವೆ ಹಾವು ಹರಿದ ಹಾಗೆ ಬಿರುಕು. ಹತ್ತಕ್ಕೆ ನಾಲ್ಕು ಕುಂಡ ಹೋಗುತ್ತಿದ್ದವು. ಮಣ್ಣಿನ ದೋಷ ಅಂತಲೇ ಒಂದು ವರ್ಷ ಕಳೆದೆ. ಮರಳು ಜಾಸ್ತಿ ಹಾಕಿದೆ, ಕಮ್ಮಿ ಮಾಡಿದೆ. ದೋಷ ಇದ್ದದ್ದು ನನ್ನ ಕೈಯಲ್ಲಿ. ಗೋಡೆ ಎತ್ತುವ ಆತುರದಲ್ಲಿ ತಳವನ್ನು ಒತ್ತುತ್ತಲೇ ಇರಲಿಲ್ಲ. ಈಗ ಎಂಟೂವರೆ ಕೆಜಿ ಉಂಡೆ ಕೂರಿಸಿ, ನಡುವೆ ಗುಳಿ ಒತ್ತಿ ತೆರೆದ ಮೇಲೆ, ಗೋಡೆ ಮುಟ್ಟುವ ಮೊದಲು ತಳದ ಮೇಲೆ ಬೆರಳ ಗೆಣ್ಣು ಊರಿ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಐದಾರು ಸಲ ಒತ್ತಿಕೊಂಡು ಹೋಗುತ್ತೇನೆ. ಮಣ್ಣು ಬಿಗಿಯುವುದು ಬೆರಳಿಗೇ ಗೊತ್ತಾಗುತ್ತದೆ. ಮೊದಲು ಮೆತ್ತಗಿದ್ದದ್ದು ಆಮೇಲೆ ರಬ್ಬರಿನ ಹಾಗೆ ಎದುರು ಒತ್ತುತ್ತದೆ. ಕುಂಡವನ್ನು ತಿಗರಿಯಿಂದ ಕೊಯ್ದು ತೆಗೆಯುವ ಮುಂಚೆ ಒಳಗೆ ನಿಂತ ನೀರನ್ನು ಸ್ಪಂಜಿನಲ್ಲಿ ಪೂರಾ ತೆಗೆಯುತ್ತೇನೆ. ಈ ಎರಡರಿಂದಲೇ ಮುಕ್ಕಾಲು ಬಿರುಕು ನಿಂತಿತು.

ಉಳಿದ ಕಾಲು ಭಾಗ ನೀರು ಹೋಗುವ ತೂತಿನದು. ಪೂರ್ತಿ ಒಣಗಿದ ಮೇಲೆ ತೂತು ಕೊರೆಯುತ್ತಿದ್ದೆ, ಸುತ್ತ ನಕ್ಷತ್ರದ ಹಾಗೆ ಸೀಳುತ್ತಿತ್ತು. ಈಗ ಬೆರಳೊತ್ತಿದರೆ ಗುರುತು ಬೀಳುವಷ್ಟು ಹಸಿ ಇರುವಾಗಲೇ ತೂತು ತೆಗೆದು, ಅಂಚನ್ನು ಒದ್ದೆ ಬೆರಳಲ್ಲಿ ಸವರಿ, ಕುಂಡ ಬೋರಲು ಹಾಕುತ್ತೇನೆ. ನೆರಳಲ್ಲಿ ಏಳೆಂಟು ದಿನ, ಮೊದಲೆರಡು ದಿನ ಒದ್ದೆ ಗೋಣಿಚೀಲ ಹೊದಿಸಿ. ಸುಟ್ಟು 12 ಇಂಚು ಬರಬೇಕಾದರೆ ಹಸಿಯಲ್ಲಿ 13 ಇಂಚು ಮೀರಿ ಇನ್ನೊಂದು ಬೆರಳು ಬೇಕು. ನಮ್ಮ ಮಣ್ಣು ಅಷ್ಟು ಕುಗ್ಗುತ್ತದೆ.

ಎರಡನೇ ಪೆಟ್ಟೇ ದೊಡ್ಡದು. ಲಾಲ್‌ಬಾಗ್ ಆಗಸ್ಟ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ ಬೇಕು ಅಂತ ಒಂದು ನರ್ಸರಿಯವರು 150 ಕುಂಡ ಕೇಳಿದರು. ತಲಾ 130 ರೂಪಾಯಿ. ಒಂದೂ ಬಿರುಕಿಲ್ಲ, ತಟ್ಟಿದರೆ ಠಣ್ ಅನ್ನುತ್ತಿದ್ದವು. ಹದಿನೈದು ದಿನಕ್ಕೆ ಫೋನ್ ಬಂತು. "ಏನ್ರೀ, ನಿಮ್ಮ ಕುಂಡಕ್ಕೆ ಸಿಡುಬು ಬಂದಿದೆಯಲ್ಲ!" ಹೋಗಿ ನೋಡಿದೆ. ಮೈಮೇಲೆಲ್ಲ ಕಾಸಿನಗಲ ಚಕ್ಕೆ ಎದ್ದು ಬಿದ್ದಿತ್ತು. ಪ್ರತಿ ಗುಳಿಯ ನಡುವೆ ಸಾಸಿವೆಯಷ್ಟು ಬಿಳಿ ಚುಕ್ಕೆ. ಸುಣ್ಣದ ಹರಳು! ಬೆಂಕಿಯಲ್ಲಿ ಸುಟ್ಟ ಸುಣ್ಣವಾಗಿ, ಆಮೇಲೆ ತೇವ ಕುಡಿದು ಉಬ್ಬಿ, ಮಣ್ಣನ್ನು ಒಡೆದುಕೊಂಡು ಬಂದಿತ್ತು. ಅರ್ಧಕ್ಕರ್ಧ ವಾಪಸ್. ಆ ದಿನ ಬಸ್ಸಲ್ಲಿ ಮನೆಗೆ ಬಂದದ್ದು ನನಗೆ ನೆನಪೇ ಇಲ್ಲ.

ಆಮೇಲೆ ಮಣ್ಣನ್ನು ತೊಟ್ಟಿಯಲ್ಲಿ ಕದಡಿ, ಸೊಳ್ಳೆ ಪರದೆಯನ್ನು ಎರಡು ಪದರ ಮಾಡಿ ಸೋಸಲು ಶುರು ಮಾಡಿದೆ. ಕೆಲಸ ದುಪ್ಪಟ್ಟಾಯಿತು. ಅಷ್ಟಾದರೂ ನುಣ್ಣನೆಯ ಹರಳು ಕೆಲವು ತಪ್ಪಿಸಿಕೊಳ್ಳುತ್ತವೆ. ಅದಕ್ಕೆ ಮದ್ದು ನೀರೇ. ಆವಿಗೆ ಬಿಚ್ಚಿದಾಗ ಕುಂಡ ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ತೊಟ್ಟಿಯಲ್ಲಿ ಪೂರಾ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ಬಿಡಬೇಕು. ಸುಣ್ಣ ಅಲ್ಲೇ ಒಮ್ಮೆಗೇ ಅರಳಿ ಮೆತ್ತಗಾಗುತ್ತದೆ, ಆಮೇಲೆ ಸಿಡಿಯಲ್ಲ. ಜಾಸ್ತಿ ಬಿಸಿ ಇದ್ದರೆ ಮಾತ್ರ ಕುಂಡವೇ ಸೀಳುತ್ತದೆ. ಸುಣ್ಣ ಸಿಡಿಯದಿರಲಿ ಅಂತ ಮಣ್ಣು ಕಲಸುವಾಗ ಸ್ವಲ್ಪ ಉಪ್ಪನ್ನೂ ಹಾಕುತ್ತೇನೆ. ಎಷ್ಟು ಅಂತ ಮಾತ್ರ ಕೇಳಬೇಡಿ, ಅದಕ್ಕೆ ನಾಲ್ಕು ಆವಿಗೆ ಖರ್ಚು ಮಾಡಿದ್ದೇನೆ. ಹೆಚ್ಚಾದರೆ ಕುಂಡದ ಮೈಯೆಲ್ಲ ಬೆಳ್ಳಗೆ ಬೂದಿ ಬಳಿದ ಹಾಗಾಗುತ್ತದೆ, ಅಷ್ಟು ತಿಳಿದಿರಿ. ಕೆರೆ ಮಣ್ಣಿಗೆ ಮೂರಕ್ಕೊಂದು ಪಾಲು ಬೆರೆಸುವ ಇನ್ನೊಂದು ಮಣ್ಣಿದೆ. ಅದು ಸಿಗುವ ಜಾಗವನ್ನೂ ಸದ್ಯಕ್ಕೆ ಹೇಳುವುದಿಲ್ಲ. ಬಿರುಕು ಕಮ್ಮಿಯಾಗಲಿ ಅಂತ ಒಡೆದ ನಾಡಹೆಂಚು ಕುಟ್ಟಿ ಜರಡಿ ಹಿಡಿದು ಸೇರಿಸುವುದು ಕುಂಬಾರರಿಗೆಲ್ಲ ಗೊತ್ತಿರುವುದೇ.

ನಡುವೆ ಭತ್ತದ ಹೊಟ್ಟು ಬೆರೆಸಿಯೂ ನೋಡಿದೆ. ಸುಟ್ಟಾಗ ಹೊಟ್ಟು ಉರಿದು ಸಣ್ಣ ಸಣ್ಣ ತೂತಾಗುತ್ತದೆ, ಕುಂಡ ಹಗುರ, ಬೇರಿಗೆ ಗಾಳಿ. ಸೇವಂತಿಗೆ ಅದರಲ್ಲಿ ಬಲು ಚೆನ್ನಾಗಿ ಬಂತು. ಆದರೆ ಅಂಚು ಹಿಡಿದು ಎತ್ತಿದರೆ ಕೈಗೇ ಬರುತ್ತಿತ್ತು. 6 ಇಂಚಿನ ಸಣ್ಣ ಕುಂಡಕ್ಕೆ ಈಗಲೂ ಹಾಕುತ್ತೇನೆ, ದೊಡ್ಡದಕ್ಕೆ ಬೇಡ. ಆವಿಗೆಯ ಬಾಯಿ ಮುಚ್ಚಿ ಹೊಗೆ ಕೂರಿಸಿ ಕಪ್ಪು ಕುಂಡವನ್ನೂ ತೆಗೆದೆ. ನೋಡಲು ಬಲು ಚೆಂದ, ಆದರೆ ನಮ್ಮ ಕಡೆ ಕೊಳ್ಳುವವರು ಕೆಂಪನ್ನೇ ಕೇಳುತ್ತಾರೆ.

ಬೆಂಕಿಯ ವಿಷಯ ಒಂದೇ ಮಾತು. ಮೊದಲ ಆರು ಗಂಟೆ ಬರೀ ಹೊಗೆ, ಉರಿ ಬೇಡ. ಒಮ್ಮೆ ಮಳೆ ಬರುತ್ತದೆ ಅಂತ ಅವಸರ ಮಾಡಿದೆ, ಹಸಿ ಆರದ ನಲವತ್ತು ಕುಂಡ ಒಳಗೇ ಪಟಾಕಿಯಂತೆ ಸಿಡಿದವು.

ಈಗ ಒಂದು ಕುಂಡಕ್ಕೆ ಮಣ್ಣು, ಸೌದೆ, ಕರೆಂಟು, ಆಳು ಸೇರಿ 65ರಿಂದ 70 ರೂಪಾಯಿ ಬೀಳುತ್ತದೆ. ನರ್ಸರಿಗೆ 140ಕ್ಕೆ ಕೊಡುತ್ತೇನೆ. ವಾಪಸ್ ಕಳಿಸಿದ್ದ ಅದೇ ನರ್ಸರಿಯವರು ಜನವರಿಯ ಪ್ರದರ್ಶನಕ್ಕೆ 300 ಹೇಳಿದ್ದಾರೆ, ಅಡ್ವಾನ್ಸ್ ಕೊಟ್ಟು. ಚಿಕ್ಕಪ್ಪ ಮೊನ್ನೆ ಬಂದು ಒಂದು ಕುಂಡವನ್ನು ಬೋರಲು ಹಾಕಿ ತಳ ತಟ್ಟಿದರು. ಒಳಗೆ ಕೈಯಾಡಿಸಿದರು. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವರೇ ಬಂದು ತೊಟ್ಟಿ ಹತ್ತಿರ ನಿಂತು ಮಣ್ಣು ಸೋಸುತ್ತಿದ್ದರು.