ಒಂದೇ ಚಿತ್ರದ ಮುಂದೆ: ಸಂತ ಅಲೋಶಿಯಸ್ ಪ್ರಾರ್ಥನಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ

ಮಂಗಳೂರಿನ ಲೈಟ್‌ಹೌಸ್ ಹಿಲ್ ಮೇಲಿರುವ ಸಂತ ಅಲೋಶಿಯಸ್ ಪ್ರಾರ್ಥನಾಲಯದ ಗೋಡೆ, ಛಾವಣಿಗಳ ಚಿತ್ರಗಳನ್ನು ಬರೆದವರು ಇಟಲಿಯಿಂದ ಬಂದ, ಯೇಸುಸಭೆ (ಜೆಸ್ವಿಟ್) ಎಂಬ ಕ್ಯಾಥೊಲಿಕ್ ಸಂನ್ಯಾಸಿ ಸಂಘದ ಬ್ರದರ್ ಆಂಟೋನಿಯೊ ಮೊಸ್ಕೇನಿ. ಅವರು 1899ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ಕ್ರೈಸ್ತ ನಂಬಿಕೆಯನ್ನು ಮಕ್ಕಳು ಕಣ್ಣಿನಿಂದಲೇ ಅರಿಯಲು ಇಷ್ಟು ಅನುಕೂಲವಾದ ಜಾಗ ಕರಾವಳಿಯಲ್ಲಿ ಇನ್ನೊಂದಿಲ್ಲ ಎಂದು ನಾನು ಭಾವಿಸುತ್ತೇನೆ. ಆದರೆ ಎಲ್ಲವನ್ನೂ ತೋರಿಸಿಬಿಡುವ ಆತುರದಲ್ಲಿ ಶಾಲಾ ಪ್ರವಾಸದ ಗುಂಪುಗಳು ಯಾವುದನ್ನೂ ನೋಡದೆ ಬಸ್ಸು ಹತ್ತುವುದೇ ಹೆಚ್ಚು.

ಪೂಜೆಯ ವೇಳೆಯನ್ನು ಮೊದಲೇ ವಿಚಾರಿಸಿಕೊಂಡು, ಒಳಗೆ ಕುಳಿತು ಚಿತ್ರ ಬಿಡಿಸಲು ಅನುಮತಿ ಪಡೆಯಿರಿ. ಪೋಷಕರ ಒಪ್ಪಿಗೆ ಪತ್ರವೂ ಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನವಿರುವ ಶಾಲೆಯಲ್ಲಿ ಪೋಷಕರ ಸಮ್ಮತಿಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೋ ಆರಾಧನೆಗೋ ಕೂರಿಸಬಾರದೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ತರಗತಿಯಲ್ಲಿ ನಾನಾ ಧರ್ಮದ ಮಕ್ಕಳಿರುವಾಗ ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂದೇ ಮಾತನಾಡಿ. ಹಾಗೆ ಹೇಳಿದರೆ ಕ್ರೈಸ್ತ ಮಗುವಿಗೆ ನಷ್ಟವೇನಿಲ್ಲ, ಉಳಿದವರಿಗೆ ಮುಜುಗರವೂ ಇಲ್ಲ.

ಒಂದು ಭೇಟಿಗೆ ಒಂದೇ ಚಿತ್ರ ಸಾಕು. ಛಾವಣಿಯಲ್ಲಿ ಸಂತ ಅಲೋಶಿಯಸ್ ಗೊನ್ಜಾಗರ ಬದುಕಿನ ಘಟನೆಗಳ ಸಾಲಿದೆ. ಅವುಗಳಲ್ಲಿ ರೋಮ್ ನಗರದ ಪ್ಲೇಗ್ ರೋಗಿಗಳ ಸೇವೆಯ ಚಿತ್ರವನ್ನು ನಾನು ಆರಿಸುತ್ತೇನೆ. 1568ರಲ್ಲಿ ಸಿರಿವಂತ ಪಾಳೆಯಗಾರರ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿ, ಆಸ್ತಿಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದ ಈ ತರುಣ, ರೋಗಿಗಳ ಆರೈಕೆಯಲ್ಲಿದ್ದಾಗಲೇ ಸೋಂಕು ತಗುಲಿ, 1591ರ ಜೂನ್ 21ರಂದು ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡ. ಆದರೆ ಈ ಕಥೆಯನ್ನು ಮೊದಲೇ ಹೇಳಬೇಡಿ; ಹೇಳಿದರೆ ಮಕ್ಕಳು ಚಿತ್ರವನ್ನು ನೋಡದೆ ನಿಮ್ಮ ಮಾತಿಗೆ ಸಾಕ್ಷಿ ಹುಡುಕತೊಡಗುತ್ತಾರೆ. ಕತ್ತೆತ್ತಿ ನಿಂತರೆ ಬೇಗ ಕುತ್ತಿಗೆ ನೋಯುವುದರಿಂದ ಇಬ್ಬರಿಗೊಂದು ಅಂಗೈಯಗಲದ ಕನ್ನಡಿ ಕೊಡಿ. ಅದನ್ನು ಎದೆಯ ಮಟ್ಟದಲ್ಲಿ ಅಂಗಾತ ಹಿಡಿದು ಬಗ್ಗಿ ನೋಡಿದರೆ ಛಾವಣಿಯ ಒಂದು ತುಣುಕು ಮಾತ್ರ ಅದರಲ್ಲಿ ಮೂಡುತ್ತದೆ, ಗಮನ ಅಲ್ಲೇ ನೆಲೆಯೂರುತ್ತದೆ. ಯಾರ ಕೈ ಎಲ್ಲಿದೆ, ಯಾರು ಯಾರತ್ತ ನೋಡುತ್ತಿದ್ದಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ಎಂಬ ಪ್ರಶ್ನೆಗಳಷ್ಟೇ ನಿಮ್ಮ ಪಾಲಿನವು.

ಆಮೇಲೆ ಮೌನ. ‘ಸುಮ್ಮನಿರಿ’ ಎಂದಷ್ಟೇ ಹೇಳಿದರೆ ಮಕ್ಕಳು ಪಿಸುಗುಟ್ಟುತ್ತಾರೆ. ಮೌನಕ್ಕೂ ಒಂದು ಕೆಲಸ ಬೇಕು. ಯೇಸುಸಭೆಯ ಸ್ಥಾಪಕರಾದ ಸಂತ ಇಗ್ನೇಷಿಯಸ್ ಕಲಿಸಿದ ಧ್ಯಾನದ ಬಗೆ ಇಲ್ಲಿ ಒದಗಿಬರುತ್ತದೆ: ಘಟನೆಯೊಳಗೆ ತಾನೂ ಒಬ್ಬನಾಗಿ ನಿಂತು, ಅಲ್ಲಿನ ನೋಟ, ಸದ್ದು, ವಾಸನೆಗಳನ್ನು ಮನಸ್ಸಿನಲ್ಲೇ ಅನುಭವಿಸುವುದು. ಚಿತ್ರದಲ್ಲಿರುವ ಒಬ್ಬರನ್ನು ಆರಿಸಿಕೊಂಡು ಅವರ ಪಕ್ಕದಲ್ಲಿ ನಿಂತಂತೆ ಭಾವಿಸಿಕೊಳ್ಳಲು ಹೇಳಿ, ಮೂರು ನಿಮಿಷ ಬಿಡಿ. ಹತ್ತು ವರ್ಷದ ಮಗುವಿಗೆ ಅದಕ್ಕಿಂತ ಹೆಚ್ಚು ಬೇಡ. ಮೌನ ಮುಗಿದ ಮೇಲೆ ಅಲೋಶಿಯಸ್‌ನ ಕಥೆ ಹೇಳಿ, ಬೈಬಲಿನ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ದಯಾಳುವಾದ ಸಮಾರ್ಯದವನ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ನಿಧಾನವಾಗಿ ಓದಿ. ಗಾಯಗೊಂಡು ಬಿದ್ದವನನ್ನು ಎತ್ತಿದವನ ಆ ಕಥೆಗೂ ಮೇಲಿನ ಚಿತ್ರಕ್ಕೂ ಇರುವ ನಂಟನ್ನು ಮಕ್ಕಳೇ ಕಾಣಲಿ.

ಚಿತ್ರ ಬಿಡಿಸುವಾಗ ನಕಲು ಮಾಡಿಸಬೇಡಿ; ಕನ್ನಡಿಯಲ್ಲಿ ಕಂಡ ಒಂದು ಕೈ, ಒಂದು ಮುಖ ಸಾಕು. ಶಾಲೆಗೆ ಮರಳಿದ ಮೇಲೆ, ಪ್ರಾರ್ಥನಾಲಯದ ಗೋಡೆಗಳಲ್ಲಿರುವ ಫ್ರೆಸ್ಕೊ ಎಂಬ ಹಸಿ ಗಾರೆಯ ವಿಧಾನವನ್ನು ಮಾಡಿ ತೋರಿಸಬಹುದು. ಹಲಗೆಯ ಮೇಲೆ ಸುಣ್ಣ, ಮರಳಿನ ಗಾರೆಯನ್ನು ಶಿಕ್ಷಕರೇ ಬಳಿಯಬೇಕು, ಏಕೆಂದರೆ ಹಸಿ ಸುಣ್ಣ ಕಣ್ಣು, ಚರ್ಮಗಳನ್ನು ಸುಡುತ್ತದೆ. ಮಕ್ಕಳು ನೀರಿನಲ್ಲಿ ಕಲಸಿದ ಕೆಮ್ಮಣ್ಣನ್ನು ಉದ್ದನೆಯ ಕುಂಚದಿಂದ ಹಚ್ಚಲಿ. ಗಾರೆ ಒಣಗುವ ಮೊದಲೇ ಬರೆದು ಮುಗಿಸಬೇಕು, ತಪ್ಪಿದರೆ ಅಳಿಸಲಾಗದು. ಕೆಮ್ಮಣ್ಣು, ಸುಣ್ಣಗಳ ಈ ಜೋಡಿ ಕರಾವಳಿಯ ದೇವಾಲಯಗಳ ಕಾವಿ ಕಲೆಯಲ್ಲೂ ಇದೆ ಎಂಬುದನ್ನು ಹೇಳಲು ಮರೆಯಬೇಡಿ, ಮಕ್ಕಳಿಗೆ ಅದು ಹತ್ತಿರದ ವಿಷಯ.

ಈ ಚಿತ್ರಗಳಿಗೆ ಅಂಕ ಹಾಕಬಾರದು. ಮೌನದಲ್ಲಿ ತೋಚಿದ್ದನ್ನು ಬರೆದ ಮಗು ಅದನ್ನು ಓದಿ ಹೇಳಲು ಒಪ್ಪದಿದ್ದರೆ ಒತ್ತಾಯಿಸದೆ, ಆ ಹಾಳೆಯನ್ನು ಮಡಚಿ ತನ್ನ ಬಳಿಯೇ ಇಟ್ಟುಕೊಳ್ಳಲು ಬಿಡಿ.